ಒಂದು ಕಿವಿಗೆ ಒಂದು ತಾಸು

ಹೆರಿಗೆಯ ನೋವಿಗೆ ಕಂಪ್ಲಿಯ ಕಡೆ ಬ್ಯಾನಿ ಎನ್ನುತ್ತಾರೆ. ಬ್ಯಾನಿ ಶುರುವಾದ ಸುದ್ದಿಯನ್ನು ಮನೆಯಿಂದ ಹೊರಗೆ ಬಿಡಬಾರದು, ಬಿಟ್ಟರೆ ಹೆರಿಗೆ ತಡವಾಗುತ್ತದೆ ಎಂಬ ನಂಬಿಕೆಯನ್ನು ನಾನು ಹಲವು ಊರುಗಳಲ್ಲಿ ಕೇಳಿದ್ದೇನೆ. ಎಷ್ಟು ತಡವಾಗುತ್ತದೆ ಎಂಬುದಕ್ಕೆ ಖಚಿತವಾದ ಅಳತೆ ಕೊಟ್ಟವರು ಮಾತ್ರ ಕಂಪ್ಲಿಯ ಹೊಳೆಮ್ಮ ಒಬ್ಬರೇ: ಸುದ್ದಿ ಬಿದ್ದ ಒಂದು ಕಿವಿಗೆ ಒಂದು ತಾಸು. ಮನುಷ್ಯನಿಗೆ ಕಿವಿ ಎರಡಿರುವುದರಿಂದ ಒಬ್ಬರಿಗೆ ಎರಡು ತಾಸು ಹಿಡಿಯಬೇಕೇ ಎಂದು ವಿಚಾರಿಸಿದೆ.

"ಎರಡು ಕಿವಿಲೆ ಕೇಳಿದ್ರೂ ಸುದ್ದಿ ಒಂದ ಅಲ್ಲೇನ್ರಿ? ಒಬ್ರಿಗೆ ಒಂದ ತಾಸು ಹಿಡೀರಿ," ಎಂದರು. ಹೆರುವವಳ ಕಿವಿ, ಸೂಲಗಿತ್ತಿಯ ಕಿವಿ, ಹಡೆದವ್ವನ ಕಿವಿ ಲೆಕ್ಕಕ್ಕೆ ಬರುವುದಿಲ್ಲ.

ಆ ಅಳತೆ ಒಮ್ಮೆ ಪರೀಕ್ಷೆಗೆ ಒಳಗಾದ ಕಥೆಯಿದು. ಇದನ್ನು ನಾನು ಮೂವರಿಂದ ಬೇರೆಬೇರೆಯಾಗಿ ಕೇಳಿದ್ದೇನೆ: ಹೊಳೆಮ್ಮನಿಂದ, ಬಾಡಿಗೆ ಕಾರು ನಡೆಸುವ ಹೊನ್ನೂರುಸ್ವಾಮಿಯಿಂದ, ಹೊಸಪೇಟೆಯ ಒಂದು ಹೆರಿಗೆ ಆಸ್ಪತ್ರೆಯ ನರ್ಸ್ ಲಕ್ಷ್ಮೀಯಿಂದ. ಮೂವರ ಮಾತು ಕೂಡುವಲ್ಲಿ ಕೂಡಿಸಿದ್ದೇನೆ. ಕೂಡದಿರುವಲ್ಲಿ ಯಾರ ಮಾತು ಎಂಬುದನ್ನು ಹೇಳಿದ್ದೇನೆ.

ಹೊಳೆಮ್ಮ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವರು. ಊರಿನ ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೆ ಅವರಿಗೆ ಉಳಿದದ್ದು ಕೂಸುಗಳಿಗೆ ನೀರೆರೆಯುವ ಕೆಲಸವೊಂದೇ. ಮಗಳು ತಾಯಕ್ಕನ ಮನೆಯಲ್ಲಿಯೇ ಅವರ ವಾಸ. ತಾಯಕ್ಕನ ಮಗಳು ದುರ್ಗಾ ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ಅವಳ ಗಂಡ ಲಿಂಗರಾಜ್ ಕುರೆಕುಪ್ಪದಿಂದ ಉಕ್ಕಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುವವನು. ಚೊಚ್ಚಲ ಹೆರಿಗೆಗೆಂದು ದುರ್ಗಾ ತವರಿಗೆ ಬಂದಿದ್ದಳು.

ಅವಳಿಗೆ ಒಂದೇ ಒಂದು ಆಸೆಯಿತ್ತು. ಹೆರಿಗೆಯಲ್ಲಿ ಬೆನ್ನಿಗೆ ಕೊಡುವ ನೋವು ತಗ್ಗಿಸುವ ಇಂಜೆಕ್ಷನ್, ಎಪಿಡ್ಯೂರಲ್, ತನಗೆ ಬೇಕು. ಚಿಕ್ಕವಳಿದ್ದಾಗಿನಿಂದ ಅಜ್ಜಿಯ ಹೆರಿಗೆ ಕಥೆಗಳನ್ನು ಕೇಳುತ್ತಲೇ ಬೆಳೆದಿದ್ದಳು. ಆ ಕಥೆಗಳಲ್ಲಿನ ಹೆಂಗಸರೆಲ್ಲ ಬಾಯಲ್ಲಿ ಬಟ್ಟೆ ಕಚ್ಚಿಕೊಂಡವರು. "ನನ್ನ ಕೈಯಾಗ ಹಡದಾಕಿ ಒಬ್ಬಾಕಿನೂ ಕೂಗಿಲ್ಲ" ಎಂಬುದು ಹೊಳೆಮ್ಮನ ಹೆಮ್ಮೆ.

"ಕೂಗಿಲ್ಲ ಅಂದ್ರ ನೋವಾಗಿಲ್ಲ ಅಂತ ಏನಜ್ಜಿ?" ಎಂದು ದುರ್ಗಾ ಕೇಳುತ್ತಿದ್ದಳು.

ಆಸ್ಪತ್ರೆಯ ಡಾಕ್ಟರ್ ಗಂಗೋತ್ರಿ ಅವಳಿಗೆ ಎಲ್ಲವನ್ನೂ ವಿವರಿಸಿದ್ದರು. ರಕ್ತ ಪರೀಕ್ಷೆಯೂ ಆಗಿತ್ತು. ಗರ್ಭದ ಬಾಯಿ ಇಷ್ಟು ಬೆರಳು ತೆರೆಯುವವರೆಗೆ ಕಾಯಲೇಬೇಕೆಂಬ ನಿಯಮವೇನಿಲ್ಲ. ನೋವು ಕ್ರಮವಾಗಿ ಬರತೊಡಗಿದ ಮೇಲೆ ನೀನು ಯಾವಾಗ ಕೇಳಿದರೂ ಕೊಡಬಹುದು. ಆದರೆ ಮಗುವಿನ ತಲೆ ಪೂರ್ತಿ ಕೆಳಗಿಳಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಇಂಜೆಕ್ಷನ್ ಕೊಡುವ ಡಾಕ್ಟರ್ ಜಂಬುನಾಥ್ ನಾಲ್ಕಾರು ಕಡೆ ಓಡಾಡುವವರು. ನೋವು ಶುರುವಾದ ಕೂಡಲೇ ಈ ನಂಬರಿಗೆ ಫೋನ್ ಮಾಡಿಬಿಡು ಎಂದು ಚೀಟಿ ಬರೆದುಕೊಟ್ಟಿದ್ದರು.

ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ತಾಯಕ್ಕನಿಗೆ ಮಗಳ ಬೆನ್ನಿನ ಚಿಂತೆ. ಬೀಗರ ಕಡೆಯವರು, ನಾವೆಲ್ಲ ಹಡೆಯಲಿಲ್ಲವೇ ಎಂದರು. ಎಲ್ಲರ ಬಾಯಿ ಮುಚ್ಚಿಸಿದವರು, ಯಾರೂ ನಿರೀಕ್ಷಿಸದಂತೆ, ಹೊಳೆಮ್ಮ.

"ಹಡದ್ವಿ, ಖರೆ. ಅವಾಗ ಸೂಜಿ ಇತ್ತು, ನಾವ ಬ್ಯಾಡ ಅಂದ್ವಿ ಅನ್ನಂಗ ಮಾತಾಡಬ್ಯಾಡ್ರಿ. ನನ್ನ ಚೀಲದಾಗ ಆ ಸೂಜಿ ಇದ್ದಿದ್ರ ಅರ್ಧ ಕಂಪ್ಲಿಗೆ ಹಾಕ್ತಿದ್ದೆ."

ಆದರೆ ಈ ಬೆಂಬಲಕ್ಕೆ ಅವರದೊಂದು ಷರತ್ತಿತ್ತು. ಬ್ಯಾನಿ ಬಂದಾಗ ದುರ್ಗಾ ಯಾರಿಗೂ ಬಾಯಿ ಬಿಡಕೂಡದು. ಹೇಳಬೇಕಾದವರಿಗೆ ಹೇಳಬೇಕಾದ ಹೊತ್ತಿಗೆ ತಾನೇ ಹೇಳುವುದು. ದುರ್ಗಾ ಒಪ್ಪಿ ಫೋನ್ ನಂಬರಿನ ಚೀಟಿಯನ್ನು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ಎಲೆ ಅಡಿಕೆ ಚೀಲದೊಳಗೆ ಇಟ್ಟುಕೊಂಡರು.

ಮಾಘ ಮಾಸದ ಒಂದು ಶುಕ್ರವಾರ ಬೆಳಗಿನ ಆರು ಗಂಟೆಗೆ ದುರ್ಗಾಳಿಗೆ ಮೊದಲ ಬ್ಯಾನಿ ಬಂದಿತು. ಏಳರ ಹೊತ್ತಿಗೆ ಅವು ಬಿಟ್ಟುಬಿಟ್ಟು ಕ್ರಮವಾಗಿ ಬರತೊಡಗಿದವು. ಹೊಳೆಮ್ಮ ಮೊದಲು ಮಾಡಿದ ಕೆಲಸ, ದುರ್ಗಾಳ ಮೊಬೈಲನ್ನು ತೆಗೆದುಕೊಂಡು ಅದನ್ನೂ ಅದೇ ಚೀಲಕ್ಕೆ ಹಾಕಿದ್ದು. ಎರಡನೆಯದು, ಪಕ್ಕದ ಮನೆಯವರಿಗೆ ಅನುಮಾನ ಬಾರದಿರಲೆಂದು ತಾಯಕ್ಕನನ್ನು ಮೊರ ಕೊಟ್ಟು ಹೊಸ್ತಿಲ ಮೇಲೆ ಅಕ್ಕಿ ಹಸನು ಮಾಡಲು ಕೂರಿಸಿದ್ದು. ಮೂರನೆಯದು ಕಾರು ಕರೆಸಿದ್ದು.

"ಎಲ್ಲಿಗೆ ಯವ್ವಾ, ಇಷ್ಟು ಜಲ್ದಿ?" ಎಂದು ಹೊನ್ನೂರುಸ್ವಾಮಿ ಕೇಳಿದ. ಅವನೂ ಹೊಳೆಮ್ಮನ ಕೈಯಲ್ಲೇ ಹುಟ್ಟಿದವನು.

"ಹೊಸಪೇಟಿಗೆ. ಕನ್ನಡಕ ಮಾಡಿಸಬೇಕು."

"ತಂಗಿ ಯಾಕ?"

"ಅಂಗಡಿ ಬೋರ್ಡು ಓದಾಕ ಯಾರರ ಬೇಕಲ್ಲ."

"ಹಂಗಾರ ಅವಸರ ಏನಿಲ್ಲ?"

"ಏನೂ ಇಲ್ಲಪ್ಪ. ದಿನ ತುಂಬಿದ ಬಸುರಿ ಅದಾಳ, ಸಾವಕಾಶ ಹೋಗು."

ಹೊನ್ನೂರುಸ್ವಾಮಿ ಹಿರಿಯರ ಮಾತು ಮೀರುವವನಲ್ಲ. ರಾಮಸಾಗರದವರೆಗೆ ಕಬ್ಬಿನ ಟ್ರಾಕ್ಟರೊಂದರ ಹಿಂದೆಯೇ ಹೋದ. ಬುಕ್ಕಸಾಗರದಲ್ಲಿ ಇಳಿದು ಮನೆಗೆಂದು ಒಂದು ಬಾಳೆಗೊನೆ ಆರಿಸಿದ. ಆರಿಸಿದ್ದು ಸರಿಬರಲಿಲ್ಲವೆಂದು ಇನ್ನೊಂದನ್ನು ಆರಿಸಿದ. ದುರ್ಗಾ ಹಿಂದಿನ ಸೀಟಿನಲ್ಲಿ ಮುಂದಿನ ಸೀಟಿನ ತುದಿ ಹಿಡಿದು ಉಸಿರು ಎಳೆಯುತ್ತ, ಬಿಡುತ್ತ ಕುಳಿತಿದ್ದಳು.

ಅವನು ಕನ್ನಡಿಯಲ್ಲಿ ನೋಡಿ ಕೇಳಿದ: "ಯಾಕ ತಂಗಿ, ಸೀಟು ಅಷ್ಟು ಗಟ್ಟಿ ಹಿಡಕಂಡಿ? ನಾ ಮೂವತ್ತರಾಗ ಹೊಂಟೀನಿ."

"ಏನಿಲ್ಲಣ್ಣ. ಸ್ಪೀಡ್ ಅನಿಸ್ತು."

ಅವನು ಇಪ್ಪತ್ತಕ್ಕೆ ಇಳಿಸಿದ.

ಕಮಲಾಪುರದಲ್ಲಿ ಬಿಸಿ ಮಿರ್ಚಿಯ ವಾಸನೆ ಬಂದುದರಿಂದ ಕಾರು ಮತ್ತೆ ನಿಂತಿತು. ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ವಿದೇಶೀ ದಂಪತಿಗಳು ಹಂಪಿಯ ದಾರಿ ಕೇಳಿದರು. ದಾರಿ ಮಾತ್ರವಲ್ಲ, ಎಲ್ಲಿ ಮೊದಲು ಇಳಿಯಬೇಕು, ಎಲ್ಲಿ ನೆರಳಿದೆ, ಎಲ್ಲಿ ಮಂಗಗಳು ಚೀಲ ಕಸಿಯುತ್ತವೆ ಎಂಬುದನ್ನೆಲ್ಲ ಅವನು ಕೈಸನ್ನೆಯಲ್ಲಿ ವಿವರಿಸಿದ. ಮಂಗನ ಸನ್ನೆ ಎರಡು ಸಲ ಮಾಡಿದ ಎಂದು ಹೊಳೆಮ್ಮ ಹೇಳುತ್ತಾರೆ. ಒಂದೇ ಸಲ ಎಂದು ಹೊನ್ನೂರುಸ್ವಾಮಿ. ಕಾರಿನೊಳಗೆ ಹೊಳೆಮ್ಮ ಮೊಮ್ಮಗಳ ಬೆನ್ನು ನೀವುತ್ತ ತೃಪ್ತಿಯಿಂದ ಪಿಸುಗುಟ್ಟಿದರು: "ಒಂದು ಕಿವಿಗೂ ಬಿದ್ದಿಲ್ಲ ನೋಡು. ಮಧ್ಯಾಹ್ನದೊಳಗ ಕೂಸು."

ಆಸ್ಪತ್ರೆ ಮುಟ್ಟಿದಾಗ ಒಂಬತ್ತೂವರೆ. ನರ್ಸ್ ಲಕ್ಷ್ಮೀ ದುರ್ಗಾಳ ಕಡತ ತೆಗೆದು, "ಬ್ಯಾನಿ ಅದಾವೇನಜ್ಜಿ?" ಎಂದು ಕೇಳಿದರು.

"ಎಲ್ಲಿ ಬ್ಯಾನಿ? ಸುಮ್ನ ತೋರಿಸ್ಕಂಡು ಹೋಗಾಣಂತ ಬಂದೀವಿ."

ಸರಿಯಾಗಿ ಆಗಲೇ ದುರ್ಗಾಳಿಗೆ ಒಂದು ಬ್ಯಾನಿ ಬಂದಿತ್ತು. ಅವಳು ಗೋಡೆಯ ಕಡೆ ತಿರುಗಿ ಲಸಿಕೆಯ ಪಟ್ಟಿಯಲ್ಲಿದ್ದ ಒಂದೇ ಸಾಲನ್ನು ಮೂರು ಸಲ ಓದಿದಳು. ಲಕ್ಷ್ಮೀ ಕಡತದಲ್ಲಿ 'ನೋವಿಲ್ಲ' ಎಂದು ಬರೆದು, ಡಾಕ್ಟರು ಸುತ್ತು ಮುಗಿಸಿ ಬರುವವರೆಗೆ ಬೆಂಚಿನ ಮೇಲೆ ಕೂರಲು ಹೇಳಿದರು. ಹನ್ನೊಂದು ವರ್ಷದ ಸೇವೆಯಲ್ಲಿ ತಾನು ಮೋಸ ಹೋದದ್ದು ಆ ಅಜ್ಜಿಯ ಮುಖವೊಂದಕ್ಕೇ ಎಂದು ಅವರು ಈಗಲೂ ಹೇಳುತ್ತಾರೆ.

ಬೆಂಚಿನ ಮೇಲೆ ಕುಳಿತ ದುರ್ಗಾ ಕೇಳಿದಳು: "ಅಜ್ಜಿ, ಜಂಬುನಾಥ್ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರಂತ?"

"ಅವ್ರ್ಯಾರು?"

"ಬೆನ್ನಿಗೆ ಸೂಜಿ ಹಾಕೋರು! ಚೀಟಿ ಕೊಟ್ಟಿದ್ನೆಲ್ಲ, ಫೋನ್ ಮಾಡಿಸ್ತೀನಿ ಅಂದ್ಯಲ್ಲ!"

"ಮಾಡಿಸ್ತೀನಿ ಅಂದೆ. ಈಗ ಮಾಡಿಸ್ತೀನಿ ಅಂದ್ನೇನು? ಕೂಸು ಬಾಗಿಲಿಗೆ ಬರ್ಲಿ. ಒಂದು ಮಾತು ಅಂದ್ರ ಒಳಗಿಂದ ಬಂದು ಚುಚ್ಚಿ ಹೋಗ್ತಾರ."

"ಒಳಗ ಎಲ್ಲಿ ಅದಾರಜ್ಜಿ? ಇವತ್ತು ಶುಕ್ರವಾರ, ಅವ್ರು ಸಂಡೂರಾಗ ಇರ್ತಾರ!"

ಹೊಳೆಮ್ಮ ಇದನ್ನು ಎಣಿಸಿರಲಿಲ್ಲ. ಅವರ ಕಸುಬಿನಲ್ಲಿ ಬೇಕಾದದ್ದೆಲ್ಲ ಕೈಗೆ ಎಟಕುವಷ್ಟು ದೂರದಲ್ಲಿಯೇ ಇರುತ್ತಿತ್ತು: ಒಲೆಯ ಮೇಲೆ ಬಿಸಿನೀರು, ಸೊಂಟದ ಸಂಚಿಯಲ್ಲಿ ಬ್ಲೇಡು ಮತ್ತು ದಾರ. ಆದರೂ ಸೋಲು ಒಪ್ಪಿಕೊಳ್ಳದೆ, ಬೆರಳ ಗೆಣ್ಣಿನ ಮೇಲೆ ಲೆಕ್ಕ ಹಾಕಿದರು.

"ಈಗ ಬಾಯಿ ಬಿಟ್ರ ನರ್ಸಮ್ಮಗ ಒಂದು, ಡಾಕ್ಟರಮ್ಮಗ ಎರಡು, ಫೋನ್ ಹಚ್ಚೋರಿಗೆ ಮೂರು, ಸಂಡೂರಾಗ ಎತ್ತೋರಿಗೆ ನಾಕು, ಸೂಜಿ ಡಾಕ್ಟ್ರಿಗೆ ಐದು, ಅವ್ರ ಡ್ರೈವರಗ ಆರು, ಔಷಧ ತರೋರಿಗೆ ಏಳು. ಏಳು ತಾಸು ಲೇ, ದುರ್ಗಿ!"

"ಸೂಜಿ ಹಾಕ್ಕಂಡು ಏಳು ತಾಸು ಇರ್ತೀನಿ. ಸೂಜಿ ಇಲ್ದ ಇನ್ನೊಂದು ತಾಸು ಇರಲ್ಲ."

ಹೀಗೆಂದವಳೇ ದುರ್ಗಾ ಎದ್ದು ಲಕ್ಷ್ಮೀಯ ಮೇಜಿನ ಮುಂದೆ ನಿಂತಳು. "ಸಿಸ್ಟರ್, ನಂಗ ಬ್ಯಾನಿ ಅದಾವ. ಆರು ಗಂಟಿಂದ ಅದಾವ. ಈಗ ಐದು ನಿಮಿಷಕ್ಕ ಒಂದು ಬರಾಕತ್ಯಾವ. ನಂಗ ಎಪಿಡ್ಯೂರಲ್ ಬೇಕು."

ಒಳಗೆ ಮಲಗಿಸಿ ಪರೀಕ್ಷಿಸಿದಾಗ ಗರ್ಭದ ಬಾಯಿ ಐದು ಸೆಂಟಿಮೀಟರ್ ತೆರೆದಿತ್ತು. ಡಾಕ್ಟರ್ ಗಂಗೋತ್ರಿ ಕೂಡಲೇ ಸಂಡೂರಿಗೆ ಫೋನ್ ಮಾಡಿದರು. ಡಾಕ್ಟರ್ ಜಂಬುನಾಥ್ ಆಗತಾನೆ ಒಂದು ಆಪರೇಷನ್ನಿನಿಂದ ಹೊರಗೆ ಬಂದಿದ್ದರು. ಹೊರಡುತ್ತೇನೆ, ಆದರೆ ಘಾಟಿಯಲ್ಲಿ ಅದಿರಿನ ಲಾರಿಗಳ ಸಾಲಿದೆ, ಒಂದೂಕಾಲು ಗಂಟೆಯಾದರೂ ಬೇಕು ಎಂದರು.

"ಅಷ್ಟರೊಳಗ ತಡ ಆಗಿಬಿಟ್ರ?" ಎಂದು ದುರ್ಗಾ ಕೇಳಿದಳು.

"ಐದು ಅಂದ್ರೆ ತಡ ಅಲ್ಲಮ್ಮ. ಏಳಕ್ಕೂ ಕೊಡ್ತೀವಿ, ಎಂಟಕ್ಕೂ ಕೊಡ್ತೀವಿ. ಮೊದಲನೇ ಹೆರಿಗೆ, ಸಾಮಾನ್ಯವಾಗಿ ಟೈಮ್ ಇರುತ್ತೆ. ಆದ್ರೆ ಮಗು ನನ್ನ ಮಾತು ಕೇಳುತ್ತೆ ಅಂತ ಹೇಗೆ ಹೇಳ್ಲಿ?" ಎಂದರು ಗಂಗೋತ್ರಿ.

ಹೊಳೆಮ್ಮ ಮೊಮ್ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಎರಡು ಬ್ಯಾನಿಗಳನ್ನು ನೋಡಿದರು. ಅವರ ಮುಖ ಸಣ್ಣದಾಯಿತು. ಹೊರಗೆ ಬಂದು ಲಕ್ಷ್ಮೀಗೆ ಹೇಳಿದರು: "ಈಕಿ ಒಂದೂಕಾಲು ತಾಸು ತಡಿಯಲ್ಲ. ನನ್ನ ಹೆಣ್ಮಕ್ಳು ಮೂರೂ ಮಂದಿ ಭಾಳ ಫಾಸ್ಟು. ಈಕಿ ಅವ್ವ ಈಕಿನ್ನ ಹಡಿವಾಗ ನೀರು ಬೆಚ್ಚಗಾಗದ್ರೊಳಗ ಹಡದ್ಲು."

ನಲವತ್ತು ವರ್ಷ ಹೊಳೆಮ್ಮ ಹೆರಿಗೆಗಳನ್ನು ಬೇಗ ಮುಗಿಸಲು ದುಡಿದಿದ್ದರು. ಒಂದು ಹೆರಿಗೆಯನ್ನು ತಡಮಾಡುವ ಅಗತ್ಯ ಅವರಿಗೆ ಬಿದ್ದದ್ದು ಅದೇ ಮೊದಲು. ಆದರೆ ತಡಮಾಡುವ ಉಪಾಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸುದ್ದಿ ಕಟ್ಟಿಟ್ಟರೆ ಕೂಸು ಬೇಗ ಬರುವುದಾದರೆ, ಸುದ್ದಿ ಬಿಟ್ಟರೆ ನಿಧಾನವಾಗಿ ಬರಲೇಬೇಕು.

ಮೊದಲು ಸಿಕ್ಕವನು ಬಾಗಿಲ ಕಾವಲುಗಾರ ಕೊಟ್ರಯ್ಯ.

"ನನ್ನ ಮೊಮ್ಮಗಳಿಗೆ ಬ್ಯಾನಿ ಶುರು ಆಗ್ಯಾವ."

"ಒಳ್ಳೇದಾತು ಬಿಡಜ್ಜಿ."

"ಒಳ್ಳೇದು ಆಮ್ಯಾಲ. ಕೇಳಿಸ್ತೋ ಇಲ್ಲೋ, ಅದನ್ನ ಹೇಳು."

"ಕೇಳಿಸ್ತು."

"ಒಂದು," ಎಂದು ಹೊಳೆಮ್ಮ ಹೆಬ್ಬೆರಳನ್ನು ಕಿರುಬೆರಳ ಗೆಣ್ಣಿಗೆ ಇಟ್ಟರು.

ಆ ಬಳಿಕ ಬೆಂಚಿನ ಮೇಲೆ ಕುಳಿತಿದ್ದ ಆರು ಜನರಿಗೆ ಹೇಳಿದರು. ಅವರಲ್ಲಿ ಒಬ್ಬ ಮುದುಕನಿಗೆ ಕಿವಿ ಮಂದವಾಗಿದ್ದುದರಿಂದ ಎರಡು ಸಲ ಕೂಗಿ ಹೇಳಿ, ಅರ್ಧ ತಾಸೆಂದು ಮಾತ್ರ ಹಿಡಿದರು. ಔಷಧದ ಅಂಗಡಿಯವರಿಗೆ, ರಸ್ತೆಯಾಚೆಯ ಚಹಾದ ಮಾರುತೇಶನಿಗೆ, ಅಲ್ಲಿ ಚಹಾ ಕುಡಿಯುತ್ತಿದ್ದ ನಾಲ್ವರಿಗೆ ಹೇಳಿದರು. ಕಡೆಗೆ ಕಾರಿನಲ್ಲಿ ಕಾಲು ಚಾಚಿ ಮಲಗಿದ್ದ ಹೊನ್ನೂರುಸ್ವಾಮಿಯನ್ನು ಎಬ್ಬಿಸಿದರು.

"ದುರ್ಗಿಗೆ ಬ್ಯಾನಿ ಲೇ. ಮುಂಜಾನಿ ಆರರಿಂದ."

"ಹಂಗಾರ ಕನ್ನಡಕ?"

"ಕನ್ನಡಕ ಇಲ್ಲ, ಏನಿಲ್ಲ."

ಹೊನ್ನೂರುಸ್ವಾಮಿ ಎದ್ದು ಕೂತವನು ತಲೆಯ ಮೇಲೆ ಕೈ ಹೊತ್ತ. "ನಾ ಕಮಲಾಪುರದಾಗ ಮಿರ್ಚಿ ತಿಂದ್ನೆಲ್ಲ ಯವ್ವಾ! ಎರಡನೇ ಪ್ಲೇಟ್ ಹೇಳಿದ್ನೆಲ್ಲ!"

"ತಿಂದಿದ್ದು ತಿಂದಿ. ಈಗ ಮರಿಯಮ್ಮನಹಳ್ಳಿ ಚೆನ್ನಬಸಮ್ಮಗ ಫೋನ್ ಹಚ್ಚು."

ಚೆನ್ನಬಸಮ್ಮ ಹೊಳೆಮ್ಮನ ತಂಗಿಯ ಮಗಳು. ಲಾರಿಗಳು ನಿಲ್ಲುವ ಕಡೆ ಅವಳ ಊಟದ ಹೋಟೆಲಿದೆ. ಅವಳಿಗೆ ಹೇಳಿದ್ದನ್ನು ಎಷ್ಟು ಕಿವಿಯೆಂದು ಹಿಡಿಯಬೇಕು ಎಂಬ ವಿಷಯದಲ್ಲಿ ಪಾಠಭೇದವಿದೆ: ಹೊಳೆಮ್ಮನ ಪ್ರಕಾರ ಹತ್ತು, ಹೊನ್ನೂರುಸ್ವಾಮಿಯ ಪ್ರಕಾರ ನಲವತ್ತಕ್ಕೆ ಕಡಿಮೆಯಿಲ್ಲ. ಎರಡನೆಯದಕ್ಕೆ ಆಧಾರವಿದೆ. ಶಿಫ್ಟಿನಲ್ಲಿದ್ದ ಲಿಂಗರಾಜನ ಫೋನು ಲಾಕರಿನಲ್ಲಿತ್ತು. ತಾನು ಅಂದೇ ತಂದೆಯಾಗಲಿರುವ ಸುದ್ದಿ ಅವನಿಗೆ ಮುಟ್ಟಿದ್ದು ಮರಿಯಮ್ಮನಹಳ್ಳಿಯಲ್ಲಿ ಊಟ ಮಾಡಿ ಕಾರ್ಖಾನೆಗೆ ಬಂದ, ಅವನು ಎಂದೂ ನೋಡಿರದ ಲಾರಿ ಚಾಲಕನೊಬ್ಬನಿಂದ.

ಹೊಳೆಮ್ಮ ಮತ್ತೆ ಒಳಗೆ ಬರುವಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ಹೆರಿಗೆ ಕೋಣೆಯಿಂದ ಒಂದು ಕೂಗು ಕೇಳಿಸಿತು. ದುರ್ಗಾಳದು. ಬಾಯಲ್ಲಿ ಬಟ್ಟೆಯಿಲ್ಲದ, ಹಲ್ಲು ಕಚ್ಚದ, ಪೂರಾ ಕೂಗು. ಹೊಳೆಮ್ಮ ಇದ್ದಲ್ಲಿಯೇ ನಿಂತರು. ಲಕ್ಷ್ಮೀ ಹೊರಗೆ ಬಂದು, ಏಳು ಸೆಂಟಿಮೀಟರ್ ಆಗಿದೆಯೆಂದೂ ಡಾಕ್ಟರ ಕಾರು ಇನ್ನೂ ಧರ್ಮಾಪುರದ ಬಳಿ ಲಾರಿಗಳ ನಡುವೆ ಇದೆಯೆಂದೂ ಹೇಳಿದಾಗ ಹೊಳೆಮ್ಮ ಯಾವ ಲೆಕ್ಕವನ್ನೂ ಮಾಡಲಿಲ್ಲವಂತೆ.

"ಎಲ್ರೂ ಹಿಂಗ ಕೂಗ್ತಿದ್ರೇನು, ಬಾಯಿ ಬಿಟ್ಟಿದ್ರ?" ಎಂದಷ್ಟೇ ಕೇಳಿದರಂತೆ.

ಹನ್ನೊಂದೂಕಾಲಿಗೆ ಡಾಕ್ಟರ್ ಜಂಬುನಾಥ್ ಬಂದರು. ಬಾಗಿಲಿನಿಂದ ಒಳಕೋಣೆಯವರೆಗೆ, ಕಾವಲುಗಾರನಿಂದ ಹಿಡಿದು ಬೆಂಚಿನ ಮುದುಕನವರೆಗೆ, ಸಿಕ್ಕವರೆಲ್ಲ ಅವರಿಗೆ "ಆ ಹುಡುಗಿಗೆ ಬ್ಯಾನಿ ಜೋರಾಗ್ಯಾವ್ರಿ, ಜಲ್ದಿ ಹೋಗ್ರಿ" ಎಂದು ಹೇಳಿ ದಾರಿ ಬಿಟ್ಟರು.

"ತಡ ಆಯ್ತಾ?" ಎಂದು ಅವರು ಕೇಳಿದರು.

"ಇಲ್ಲ. ಏಳೂವರೆ. ತಲೆ ಇನ್ನೂ ಮೇಲಿದೆ," ಎಂದರು ಗಂಗೋತ್ರಿ.

ದುರ್ಗಾಳನ್ನು ಮಂಚದ ಅಂಚಿನಲ್ಲಿ ಕೂರಿಸಿ ಬೆನ್ನು ಬಾಗಿಸಲು ಹೇಳಿದರು. ಅವಳು ಲಕ್ಷ್ಮೀಯ ಹೆಗಲಿಗೆ ಹಣೆ ಒತ್ತಿದಳು. "ನೋವು ಬಂದ್ರೆ ಹೇಳಿ, ನಾನು ಕೈ ನಿಲ್ಲಿಸ್ತೀನಿ. ಅಲುಗಾಡಬೇಡಿ, ಅಷ್ಟು ಸಾಕು," ಎಂದರು ಜಂಬುನಾಥ್. ಎರಡು ಬ್ಯಾನಿಗಳು ಬಂದು ಹೋದವು. ಎರಡು ಸಲವೂ ಅವಳು "ಬಂತು" ಎಂದಳು, ಅವರು ನಿಲ್ಲಿಸಿದರು. ಕೂದಲೆಳೆಯಂಥ ಒಂದು ನಳಿಕೆಯನ್ನು ಬೆನ್ನಿಗೆ ಅಂಟಿಸಿ ಮಲಗಿಸಿದರು. ಕಾಲು ಗಂಟೆಯ ಬಳಿಕ ಸ್ಪಿರಿಟ್ ಹಚ್ಚಿದ ಹತ್ತಿಯನ್ನು ಹೊಟ್ಟೆಗೆ ತಾಗಿಸಿ, ತಣ್ಣಗಾಗುತ್ತದೆಯೇ ಎಂದು ವಿಚಾರಿಸಿದರು.

"ಏನೂ ಗೊತ್ತಾಗವಲ್ದು," ಎಂದಳು ದುರ್ಗಾ, ತನ್ನ ಮಾತನ್ನು ತಾನೇ ನಂಬದವಳಂತೆ.

ಹೊಳೆಮ್ಮನನ್ನು ಒಳಗೆ ಬಿಟ್ಟರು. ಅಭ್ಯಾಸದಂತೆ ಅವರು ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಕೈಯಡಿಯಲ್ಲಿ ಹೊಟ್ಟೆ ಕಲ್ಲಾಯಿತು. ಪೂರ್ತಿ ಬಲದ ಬ್ಯಾನಿ. ಅವರು ಸೊಂಟ ಹಿಡಿಯಲು ಇನ್ನೊಂದು ಕೈ ಚಾಚಿದರು.

"ಅಜ್ಜಿ, ನಿನ್ನ ಕೈ ಎಷ್ಟು ಸುಡ್ತೈತಿ! ಬಿಸಿಲಾಗ ಎಲ್ಲಿ ತಿರುಗಾಡಾಕ ಹೋಗಿದ್ದಿ?" ಎಂದು ದುರ್ಗಾ ಅವರ ಮಣಿಕಟ್ಟನ್ನು ಮುಟ್ಟಿ ಕೇಳಿದಳು.

"ಬ್ಯಾನಿ ಐತಲ್ಲೇ ಈಗ!"

"ಐತೇನು? ಬಿಗಿ ಆದಂಗ ಆಗಾಕತ್ತೈತಿ, ಅಷ್ಟ."

ಹೊಳೆಮ್ಮ ಕೈಯನ್ನು ನೋಡಿದರು, ಮುಖವನ್ನು ನೋಡಿದರು, ಮತ್ತೆ ಕೈಯನ್ನು ನೋಡಿದರು. ಅಂಥ ಹೊಟ್ಟೆಯನ್ನೂ ಅಂಥ ಮುಖವನ್ನೂ ಅವರು ಒಂದೇ ಹೆಂಗಸಿನಲ್ಲಿ ಕಂಡಿರಲಿಲ್ಲ. ಮುಂದಿನ ಬ್ಯಾನಿಯನ್ನೂ ಹಾಗೆಯೇ ಕೈಯಿಟ್ಟು ನೋಡಿದರು, ಅದರ ಮುಂದಿನದನ್ನೂ. ಮೂರನೆಯದರ ಹೊತ್ತಿಗೆ ಅಜ್ಜಿಯ ಕಣ್ಣಲ್ಲಿ ನೀರಿತ್ತು ಎಂದು ಲಕ್ಷ್ಮೀ ಹೇಳುತ್ತಾರೆ. ಅದು ಸ್ಪಿರಿಟ್ಟಿನ ವಾಸನೆಗೆ ಎಂಬುದು ಹೊಳೆಮ್ಮನ ಪಾಠ.

ಮಧ್ಯಾಹ್ನ ಕಳೆಯಿತು. ದುರ್ಗಾ ಸ್ವಲ್ಪ ನಿದ್ದೆ ಮಾಡಿದಳು. ಎಷ್ಟು ಕಿವಿಗಳಿಗೆ ಹೇಳಿದ್ದೆ ಎಂಬುದು ಹೊಳೆಮ್ಮನನ್ನು ಆಗ ಕಾಡತೊಡಗಿತು. ಚೆನ್ನಬಸಮ್ಮನನ್ನು ಬಿಟ್ಟೇ ಹದಿಮೂರೂವರೆ. ಹೇಳಿದ ಸುದ್ದಿಯನ್ನು ವಾಪಸು ಪಡೆಯಲು ಏನಾದರೂ ದಾರಿಯಿದೆಯೇ ಎಂದು ಅವರು ಡಾಕ್ಟರ್ ಗಂಗೋತ್ರಿಯನ್ನೇ ಕೇಳಿದರು. ಮೊದಲ ಹೆರಿಗೆ ಇಷ್ಟು ಹೊತ್ತು ಹಿಡಿಯುವುದು ಸಹಜ, ಈ ಇಂಜೆಕ್ಷನ್ ಇದ್ದಾಗ ಕೊನೆಯಲ್ಲಿ ಮುಕ್ಕುವ, ಅಂದರೆ ಕೂಸನ್ನು ಹೊರಗೆ ತಳ್ಳುವ, ಹೊತ್ತು ಕೊಂಚ ಹೆಚ್ಚಾಗಬಹುದು, ಕಿವಿಗಳ ಮೇಲೆ ತಪ್ಪು ಹೊರಿಸಬೇಡಿ ಎಂದು ಅವರು ನಕ್ಕರು.

ಮೂರು ಗಂಟೆ ಐವತ್ತು ನಿಮಿಷಕ್ಕೆ ದುರ್ಗಾ ಹೆಣ್ಣು ಕೂಸನ್ನು ಹೆತ್ತಳು. ಯಾವಾಗ ಮುಕ್ಕಬೇಕೆಂದು ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದವರು ಹೊಳೆಮ್ಮನೇ. ಲಕ್ಷ್ಮೀ ಯಂತ್ರದ ಗೆರೆ ನೋಡಿ ಹೇಳುವುದಕ್ಕಿಂತ ಅರೆಗಳಿಗೆ ಮುಂಚೆ.

ದುರ್ಗಾ ಬಾಯಿ ಬಿಟ್ಟದ್ದು ಒಂಬತ್ತೂ ಮುಕ್ಕಾಲಿಗೆ. ಅಲ್ಲಿಂದ ಹೆರಿಗೆಗೆ ಆರು ತಾಸು ಐದು ನಿಮಿಷ. ಹದಿಮೂರೂವರೆ ಕಿವಿಗೂ ಆರು ತಾಸಿಗೂ ಹೇಗೆ ತಾಳೆಯಾಗುತ್ತದೆ ಎಂದು ಮೂವರನ್ನೂ ಕೇಳಿದೆ. ಲಕ್ಷ್ಮೀ ತಾಳೆ ಮಾಡುವ ಗೋಜಿಗೆ ಹೋಗಲಿಲ್ಲ. ಚಹಾ ಕುಡಿಯುತ್ತ ಕೇಳಿದ ಕಿವಿ ಲೆಕ್ಕಕ್ಕಿಲ್ಲ ಎಂದ ಹೊನ್ನೂರುಸ್ವಾಮಿ. "ಅರ್ಧಕ್ಕರ್ಧ ಸೂಜಿ ನುಂಗ್ತು," ಎಂದರು ಹೊಳೆಮ್ಮ.

ನಾನು ಕೊನೆಯ ಬಾರಿ ಕಂಪ್ಲಿಗೆ ಹೋದಾಗ ಹೊಳೆಮ್ಮನ ಎದುರಿಗೆ ಏಳು ತಿಂಗಳ ಬಸುರಿಯೊಬ್ಬಳು ಕುಳಿತಿದ್ದಳು. ಬೆನ್ನಿನ ಸೂಜಿಯನ್ನು ಯಾವ ಹೊತ್ತಿಗೆ ಕೇಳಬೇಕು ಎಂದು ತಿಳಿಯಲು ಬಂದವಳು.

"ತಡಿಯಾಕ ಆಗಲ್ಲ ಅಂತ ನಿನಗ ಅನಿಸ್ತಲ್ಲ, ಅವಾಗ ಕೇಳು. ಮಂದಿಗೆ ಅನಿಸಾದನ್ನ ಕಾಯಬ್ಯಾಡ," ಎಂದರು ಹೊಳೆಮ್ಮ. "ಅದ್ಕಿಂತ ಮದಲು, ಸೂಜಿ ಡಾಕ್ಟ್ರು ಯಾವ ವಾರ ಯಾವ ಊರಾಗ ಇರ್ತಾರ, ಅದನ್ನ ಕೇಳ್ಕಂಡು ಬಾ. ಹೋಗು, ಇವತ್ತ ಹೋಗು."